ಭಿಕ್ಷುಕರ ಪಾಲಿನ 96 ರೂಪಾಯಿ

ಏಪ್ರಿಲ್ ಕೊನೆಯ ವಾರ ಬೆಂಗಳೂರಿನ ನಮ್ಮಂಥವರ ಮನೆಗಳಲ್ಲಿ ಉಪ್ಪಿನಕಾಯಿ ಜಾಡಿ ಅಟ್ಟದಿಂದ ಇಳಿಯುವ ಹೊತ್ತಿಗೇ ಮನೆ ಕಂದಾಯದ ಕಡತವೂ ಬೀರುವಿನಿಂದ ಹೊರಗೆ ಬರುತ್ತದೆ. ತಿಂಗಳು ಮುಗಿಯುವುದರೊಳಗೆ ಒಂದೇ ಗಂಟಿನಲ್ಲಿ ಕಟ್ಟಿದರೆ ನೂರಕ್ಕೆ 5 ರೂಪಾಯಿ ರಿಯಾಯಿತಿ. ಆ ಐದು ರೂಪಾಯಿಯ ಆಸೆಗೆ ನಾನೂ ವರ್ಷವರ್ಷ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಆಸ್ತಿಯ ಸಂಖ್ಯೆ ಒತ್ತಿದರೆ ಹಳೆಯ ವಿವರವೆಲ್ಲ ತೆರೆದುಕೊಳ್ಳುತ್ತದೆ: ನಿವೇಶನದ ಅಳತೆ, ಕಟ್ಟಡದ ಚದರಡಿ, ಕಟ್ಟಿದ ವರ್ಷ. ಆಮೇಲೆ ಒಂದು ಪ್ರಶ್ನೆ. ಮೊದಲ ಮಹಡಿಯಲ್ಲಿ ನೀವೇ ವಾಸವಾಗಿದ್ದೀರೋ, ಬಾಡಿಗೆಗೆ ಕೊಟ್ಟಿದ್ದೀರೋ?

ನಮ್ಮ ಮೇಲ್ಮನೆಯಲ್ಲಿ ಆರು ವರ್ಷದಿಂದ ಬಸ್ ಕಂಡಕ್ಟರೊಬ್ಬರ ಸಂಸಾರವಿದೆ. ಗಂಡ, ಹೆಂಡತಿ, ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿರುವ ಮಗಳು. ತಿಂಗಳ ಐದನೇ ತಾರೀಕು ದಾಟದೆ ಬಾಡಿಗೆ ಬರುತ್ತದೆ. ಆದರೂ ಈ ಪ್ರಶ್ನೆ ಬಂದಾಗಲೆಲ್ಲ ನಾನು ಗುರುತು ಹಾಕಿದ್ದು 'ಸ್ವಂತ ವಾಸ' ಎಂಬ ಜಾಗಕ್ಕೆ. ಮೊದಲ ಸಲ ಕೈ ಸ್ವಲ್ಪ ತಡೆದಿತ್ತು. "ಎಲ್ಲಾರೂ ಹಂಗೇ ಹಾಕೋದು ಸಾರ್, ಯಾರು ಬಂದು ನೋಡ್ತಾರೆ?" ಎಂದು ಪಕ್ಕದ ಮನೆಯವರು ಧೈರ್ಯ ತುಂಬಿದರು. ಎರಡನೇ ವರ್ಷದಿಂದ ಧೈರ್ಯವೂ ಬೇಕಾಗಲಿಲ್ಲ. ಅಭ್ಯಾಸವಾಯಿತು.

ಈ ಗುರುತಿಗೆ ಬೆಲೆಯೆಷ್ಟು? ಈಚೆಗೆ ಒಂದು ರಾತ್ರಿ ಕಾಗದ ಪೆನ್ಸಿಲು ಹಿಡಿದು ಕೂತೆ. ಬೆಂಗಳೂರಿನಲ್ಲಿ 2008ರಿಂದ ಮನೆ ಕಂದಾಯವನ್ನು ಚದರಡಿಯ ದರದ ಮೇಲೆ ಹಾಕುತ್ತಾರೆ. ಬೀದಿಗಳನ್ನು ಮಾರ್ಗಸೂಚಿ ದರಕ್ಕೆ ತಕ್ಕಂತೆ ಎ ಇಂದ ಎಫ್‌ವರೆಗೆ ಆರು ವಲಯ ಮಾಡಿ, ಪ್ರತಿ ವಲಯಕ್ಕೂ ತಿಂಗಳ ದರ ಗೊತ್ತುಮಾಡಿದರು. ನಮ್ಮಂಥ ಡಿ ವಲಯದ ಆರ್‌ಸಿಸಿ ಮನೆಗೆ ಆಗ ನಿಗದಿಯಾದದ್ದು ಬಾಡಿಗೆಯಿದ್ದರೆ ಚದರಡಿಗೆ 3 ರೂಪಾಯಿ 20 ಪೈಸೆ, ಸ್ವಂತ ವಾಸವಿದ್ದರೆ ಅದರ ಅರ್ಧ, 1 ರೂಪಾಯಿ 60 ಪೈಸೆ. ಆಮೇಲೆ 2016ರಲ್ಲಿ ದರ ಏರಿತು, ಆದರೂ ಲೆಕ್ಕ ಸರಳವಾಗಲೆಂದು ಹಳೆಯದನ್ನೇ ಹಿಡಿಯೋಣ. ಸಾವಿರ ಚದರಡಿಯ ಮನೆ, ವರ್ಷಕ್ಕೆ ಹತ್ತೇ ತಿಂಗಳ ಲೆಕ್ಕ. ಬಾಡಿಗೆ ಮನೆಯಾದರೆ 32,000 ರೂಪಾಯಿ, ಅದರಲ್ಲಿ ನೂರಕ್ಕೆ 20 ಅಂದರೆ 6,400 ರೂಪಾಯಿ ತೆರಿಗೆ. ಸ್ವಂತ ವಾಸವಾದರೆ 3,200. ಕಟ್ಟಡದ ಸವಕಳಿಯ ಕಡಿತವನ್ನು ಬದಿಗಿಟ್ಟರೆ ನನ್ನ ಸುಳ್ಳಿನ ಅಸಲು 3,200 ರೂಪಾಯಿ.

ಅಸಲಿನ ಮೇಲೆ ಸೆಸ್ ಇದೆ. ರಸೀದಿಯ ಕೆಳಗಡೆ ಸಣ್ಣ ಅಕ್ಷರದಲ್ಲಿರುವ ಇದನ್ನು ಆರು ವರ್ಷ ನಾನು ಓದಿರಲಿಲ್ಲ. ತೆರಿಗೆಯ ಮೇಲೆ ನೂರಕ್ಕೆ 15 ಆರೋಗ್ಯಕ್ಕೆ, 6 ಗ್ರಂಥಾಲಯಕ್ಕೆ, 3 ಭಿಕ್ಷುಕರಿಗೆ. ಭಿಕ್ಷುಕರ ಈ ಪಾಲು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು. ಬೀದಿಯಲ್ಲಿ ಕೈಯೊಡ್ಡಬೇಡಿ, ಊರಿನ ಮನೆಯವರೆಲ್ಲ ಸೇರಿ ನಿಮಗೆ ಅನ್ನ, ಔಷಧಿ, ಸೂರು ಕೊಡುತ್ತೇವೆ ಎಂದು ರಾಜ್ಯ ಆಡಿದ ಮಾತು ಅದು. ನನ್ನ 3,200ರ ಮೇಲೆ ಈ ಸೆಸ್‌ಗಳ ಲೆಕ್ಕ ಹಾಕಿದೆ. ಆರೋಗ್ಯದ್ದು 480 ರೂಪಾಯಿ, ಗ್ರಂಥಾಲಯದ್ದು 192, ಭಿಕ್ಷುಕರದ್ದು 96.

ತೊಂಬತ್ತಾರು ರೂಪಾಯಿ ನೋಡಿದ ಮೇಲೆ ಪೆನ್ಸಿಲು ಮುಂದೆ ಹೋಗಲಿಲ್ಲ. ತೆರಿಗೆ ಉಳಿಸಿದೆ ಎಂದುಕೊಂಡಿದ್ದವನು ನಾನು. ಸಿಗ್ನಲ್ಲಿನಲ್ಲಿ ಕಾರಿನ ಗಾಜು ತಟ್ಟುವ ಮುದುಕಿಗೆ ಚಿಲ್ಲರೆ ಇಲ್ಲವೆಂದು ಕೈಯಾಡಿಸುತ್ತಿದ್ದವನು, ಮನೆಯಲ್ಲಿ ಫ್ಯಾನ್ ಕೆಳಗೆ ಕೂತು ವರ್ಷವರ್ಷ ಅವಳ ಜೋಳಿಗೆಗೇ ಕೈಹಾಕುತ್ತಿದ್ದೆ. ಮೇಲ್ಮನೆಯ ಹುಡುಗಿ ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಾಗ ಹೇಳಿದ್ದಳು: "ಲೈಬ್ರರಿಲಿ ಹೊಸ ಪುಸ್ತಕಾನೇ ಇಲ್ಲ ಅಂಕಲ್. ಇರೋ ಗೈಡಲ್ಲಿ ಹಳೇ ಸಿಲಬಸ್ಸು." ಈ ಸರ್ಕಾರದವರೇ ಹೀಗೆ ಎಂದು ನಾನು ಅವಳ ಜತೆ ಸೇರಿ ಬೈದಿದ್ದೆ. ಅವಳ ಅಪ್ಪ ಕೊಟ್ಟ ಬಾಡಿಗೆಯನ್ನು ಮುಚ್ಚಿಟ್ಟು, ಅವಳು ಓದಬೇಕಿದ್ದ ಪುಸ್ತಕದ 192 ರೂಪಾಯಿ ಜೇಬಿಗೆ ಹಾಕಿಕೊಂಡವನು ಅವಳೆದುರಿಗೇ ನಿಂತಿದ್ದ.

ಇದನ್ನು ನನ್ನೊಬ್ಬನ ತಪ್ಪೊಪ್ಪಿಗೆ ಎಂದು ಓದಿ ಮುಗಿಸಬೇಡಿ. ನಿಮ್ಮ ಮನೆಯ ಕಡತವನ್ನೂ ಒಂದು ಸಲ ತೆಗೆದು ನೋಡಿ ಎಂದು ಕೇಳುವುದಕ್ಕೇ ಬರೆಯುತ್ತಿದ್ದೇನೆ.

ಈ ನಮೂನೆ ನಮ್ಮ ಕೈಗೆ ಹೇಗೆ ಬಂತು ಎಂಬುದನ್ನು ನೆನೆಯೋಣ. ಹಿಂದೆ ಕಂದಾಯ ನಿರೀಕ್ಷಕರು ಮನೆಗೆ ಬರುತ್ತಿದ್ದರು. ಈ ಮನೆ ಬಾಡಿಗೆಗೆ ಹೋದರೆ ಎಷ್ಟು ಬಂದೀತು ಎಂದು ಅಂದಾಜು ಕಟ್ಟುತ್ತಿದ್ದರು. ಅಂದಾಜು ಅವರ ಬಾಯಲ್ಲಿತ್ತು, ಅದನ್ನು ಇಳಿಸುವ ದಾರಿ ನಮ್ಮ ಜೇಬಿನಲ್ಲಿತ್ತು. ಅಕ್ಕಪಕ್ಕದ ಎರಡು ಮನೆಗಳಿಗೆ ಎರಡು ಕಂದಾಯ, ಕೇಳಿದರೆ ಕಾರಣವಿಲ್ಲ. ಇದನ್ನು ಮುರಿಯಬೇಕೆಂದೇ 2000ದಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಸ್ವಯಂ ಘೋಷಣೆಯ ಪದ್ಧತಿ ತಂದಿತು. ನಿಮ್ಮ ಮನೆ ನೀವೇ ಅಳೆಯಿರಿ, ಲೆಕ್ಕ ನೀವೇ ಹಾಕಿ, ನಿಮ್ಮ ಮಾತನ್ನು ನಾವು ನಂಬುತ್ತೇವೆ ಎಂದಿತು. ಆಮೇಲೆ ರಾಜ್ಯದ ಬೇರೆ ನಗರ, ಪಟ್ಟಣಗಳಿಗೂ ಇದೇ ಪದ್ಧತಿ ಬಂತು. ಒಂದು ಸಹಿಗೂ ಗೆಜೆಟೆಡ್ ಅಧಿಕಾರಿಯ ಮೊಹರು ಕೇಳುತ್ತಿದ್ದ ನಮ್ಮ ಸರ್ಕಾರ, ಬರಿಗೈಯಲ್ಲಿ ನಮ್ಮ ಮಾತು ನಂಬಿದ ಜಾಗ ಬಹುಶಃ ಇದೊಂದೇ. ತಾ ಕಳ್ಳ, ಪರರ ನಂಬ ಎಂಬ ಗಾದೆಯಿದೆ. ಇಲ್ಲಿ ನಮ್ಮನ್ನು ನಂಬಿದವರೆದುರು ನಾವು ಕಳ್ಳರಾದೆವು.

ಕಳ್ಳರಾದದ್ದು ಬರಿಯ ಬಾಡಿಗೆಯ ಗುರುತಿನಲ್ಲಲ್ಲ. ಮೂರನೇ ಮಹಡಿ ಎದ್ದು ನಾಲ್ಕು ವರ್ಷವಾದರೂ ದಾಖಲೆಯಲ್ಲಿ ಎರಡೇ ಮಹಡಿ. ನಲವತ್ತು ಹುಡುಗರ ಪಿಜಿ ನಡೆಯುವ ಕಟ್ಟಡ ಕಾಗದದಲ್ಲಿ ವಾಸದ ಮನೆ. ಹಳ್ಳಿಯಲ್ಲಿ ಆರ್‌ಸಿಸಿ ಮನೆ ಕಟ್ಟಿ ಗೃಹಪ್ರವೇಶದ ಊಟ ಹಾಕಿದವರ ಹೆಸರಿನಲ್ಲಿ ಪಂಚಾಯಿತಿ ಪುಸ್ತಕ ಇನ್ನೂ ಹೆಂಚಿನ ಮನೆಯನ್ನೇ ತೋರಿಸುತ್ತದೆ. ಬಿಲ್ ಕಲೆಕ್ಟರ್ ಊಟಕ್ಕೆ ಬಂದಿದ್ದ, ಅಧ್ಯಕ್ಷರೂ ಬಂದಿದ್ದರು, ಯಾರ ಕಣ್ಣಿಗೂ ತಾರಸಿ ಬೀಳಲಿಲ್ಲ.

ಒಂದೇ ಮನೆಗೆ ನಾವು ಎಷ್ಟು ಬೆಲೆ ಹೇಳುತ್ತೇವೆ, ಯೋಚಿಸಿದ್ದೀರಾ? ಬ್ಯಾಂಕಿನವರು ಸಾಲಕ್ಕೆ ಬೆಲೆ ಕಟ್ಟಲು ಬಂದಾಗ ಒಂದು. ಮಗಳ ಗಂಡಿನ ಕಡೆಯವರು ಕಾಫಿ ಕುಡಿಯುತ್ತಾ ಮನೆ ನೋಡುವಾಗ ಇನ್ನೊಂದು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ರಯಪತ್ರ ಬರೆಸುವಾಗ ಇಳಿದದ್ದು. ಕಂದಾಯದ ನಮೂನೆಯಲ್ಲಿ ಎಲ್ಲಕ್ಕಿಂತ ಬಡವಾದದ್ದು. ಪಟ್ಟಣ, ಪುರಸಭೆಗಳಲ್ಲಿ ತೆರಿಗೆ ನಿಂತಿರುವುದೇ ನೋಂದಣಿ ಇಲಾಖೆಯ ಮಾರ್ಗಸೂಚಿ ದರದಿಂದ ತೆಗೆದ ಬಂಡವಾಳ ಮೌಲ್ಯದ ಮೇಲೆ. ಅಲ್ಲಿ ಕ್ರಯಪತ್ರದಲ್ಲಿ ಆಡಿದ ಸುಳ್ಳು ದರಪಟ್ಟಿಯನ್ನು ಕೆಳಗೆಳೆದು, ಆ ಬೀದಿಯ ತೆರಿಗೆಯನ್ನೇ ವರ್ಷಗಟ್ಟಲೆ ಇಳಿಸಿಡುತ್ತದೆ.

ಮನೆಯ ಮೇಲಿನ ತೆರಿಗೆ ಈ ನಾಡಿಗೆ ಹೊಸದಲ್ಲ. ಹೊಯ್ಸಳರ ಕಾಲದ ಶಾಸನಗಳಲ್ಲೇ ಮನೆವಣ, ಮನೆದೆರೆ ಎಂಬ ಮಾತುಗಳಿವೆ. ಊರಿನ ತೆರಿಗೆಯನ್ನು ಗುಡಿಯ ದೀಪಕ್ಕೋ ಕೆರೆಗೋ ಬಿಟ್ಟುಕೊಟ್ಟ ದಾನಶಾಸನಗಳ ಕೊನೆಗೆ ಒಂದು ಶಾಪ ಇರುತ್ತದೆ: ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ತಟ್ಟುತ್ತದೆ ಎಂದು. ಎಲ್ಲರಿಗೂ ಸೇರಿದ್ದನ್ನು ಒಬ್ಬನು ತಿಂದರೆ ಅದು ಪಾಪ ಎಂದು ಕಲ್ಲಿನಲ್ಲಿ ಕೊರೆದಿಟ್ಟ ನಾಡು ಇದು. ಇವತ್ತಿನ ಕಾಯ್ದೆ ಪಾಪದ ಮಾತಾಡುವುದಿಲ್ಲ, ದಂಡ ಮತ್ತು ಬಡ್ಡಿ ಎನ್ನುತ್ತದೆ. ದಂಡ ತಪ್ಪಿಸಿಕೊಂಡರೆ ಪಾಪವೂ ತಪ್ಪಿತೆಂದು ನಾವು ತಿಳಿದುಬಿಟ್ಟೆವು.

ಇಷ್ಟು ಹೇಳಿದ ಮೇಲೆ ಎದುರಿನಿಂದ ಬರುವ ಮಾತು ನನಗೆ ಗೊತ್ತು. "ಪಾಲಿಕೆಯವರೇನು ಸಾಚಾನಾ?" ಅಲ್ಲ. ಅದನ್ನು ಮುಚ್ಚಿಟ್ಟು ನಿಮ್ಮ ಮನಸ್ಸಾಕ್ಷಿಯನ್ನು ಕೇಳಿದರೆ ನನ್ನ ಕರೆಯೂ ಅರ್ಧ ಸುಳ್ಳೇ.

ಬೆಂಗಳೂರಿನ ಬೀದಿಗಳ ವಲಯಗಳನ್ನು 2016ರಲ್ಲಿ ಬದಲಿಸಿದರು. ಜನ ಹಳೆಯ ವಲಯವನ್ನೇ ನಮೂದಿಸಿ ಕಟ್ಟುತ್ತ ಹೋದರು, ಪಾಲಿಕೆಯ ಗಣಕ ಸುಮ್ಮನೆ ಹಣ ತೆಗೆದುಕೊಂಡು ರಸೀದಿ ಕೊಡುತ್ತ ಹೋಯಿತು. ವರ್ಷಗಳ ಮೇಲೆ, 2021ರಲ್ಲಿ, 70 ಸಾವಿರಕ್ಕೂ ಹೆಚ್ಚು ಮನೆಗಳಿಗೆ ವ್ಯತ್ಯಾಸದ ಜತೆ ದುಪ್ಪಟ್ಟು ದಂಡ, ಮೇಲೆ ಬಡ್ಡಿ ಎಂದು ನೋಟಿಸು ಹೋಯಿತು. ಪಿಂಚಣಿಯಲ್ಲಿ ಬದುಕುವ ಮುದುಕರು ಆ ಕಾಗದ ಹಿಡಿದು ಕಚೇರಿಗಳಿಗೆ ಅಲೆದರು. ಅವರಲ್ಲಿ ಎಷ್ಟೋ ಜನ ಸುಳ್ಳು ಹೇಳಿದವರಲ್ಲ, ಬದಲಾವಣೆ ತಿಳಿಯದವರು. ಗ್ರಂಥಾಲಯದ ಸೆಸ್ಸನ್ನು ಜನರಿಂದ ಎತ್ತಿಕೊಂಡ ಪಾಲಿಕೆ ಅದನ್ನು ಗ್ರಂಥಾಲಯ ಇಲಾಖೆಗೆ ಪೂರ್ತಿ ದಾಟಿಸದೆ ನೂರಾರು ಕೋಟಿ ಬಾಕಿ ಉಳಿಸಿಕೊಂಡದ್ದು ಎಲ್ಲರೂ ಬಲ್ಲ ಸಂಗತಿ. ಭಿಕ್ಷುಕರ ಹೆಸರಿನ ಹಣವಿದ್ದೂ 2010ರ ಆಗಸ್ಟ್‌ನಲ್ಲಿ ಭಿಕ್ಷುಕರನ್ನು ಇಟ್ಟಿದ್ದ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ ಒಂದರ ಹಿಂದೊಂದು ಹೆಣ ಬಿದ್ದು ರಾಜ್ಯವೇ ತಲೆತಗ್ಗಿಸಿತು. ಬಿ ಖಾತೆಯ ಮನೆಗಳವರ ಕೈಯಲ್ಲಿ ಕಂದಾಯ ಮಾತ್ರ ತಪ್ಪದೆ ತೆಗೆದುಕೊಂಡು, ಮನೆಯ ಹಕ್ಕಿನ ಮಾತು ಬಂದಾಗ ರಸೀದಿ ಹಕ್ಕುಪತ್ರವಲ್ಲ ಎಂದರು. ಎಲ್ಲಕ್ಕೂ ಮೇಲೆ, 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಪಾಲಿಕೆ ಒಡೆದು ಐದಾಯಿತು, ಕಂದಾಯ ಒಂದು ವರ್ಷವೂ ನಿಲ್ಲಲಿಲ್ಲ. ನಮ್ಮ ಹಣ ಎಣಿಸುವವರಿದ್ದಾರೆ, ಆ ಹಣದ ಲೆಕ್ಕ ಕೇಳಲು ನಾವು ಆರಿಸಿ ಕಳಿಸಿದವರಿಲ್ಲ.

ಇಷ್ಟೂ ನಿಜ. ಇಷ್ಟಾದರೂ ನನ್ನ ಸುಳ್ಳು ಗುರುತಿಗೆ ಇದು ಸಮಾಧಾನವಾಗುವುದಿಲ್ಲ. ಯಾಕೆ ಎಂದು ಹೇಳಲು ಉತ್ತರ ಕನ್ನಡಕ್ಕೆ ಹೋಗಬೇಕು.

ಅಂಕೋಲಾ, ಸಿದ್ದಾಪುರದ ರೈತರು 1930ರ ದಶಕದ ಮೊದಲ ವರ್ಷಗಳಲ್ಲಿ ಬ್ರಿಟಿಷರಿಗೆ ಕಂದಾಯ ಕಟ್ಟಲಿಲ್ಲ. ಕರನಿರಾಕರಣೆ ಎಂದು ಅದಕ್ಕೆ ಹೆಸರು. ಅವರು ಹೊಲದ ಅಳತೆ ಕಡಿಮೆ ಬರೆಸಲಿಲ್ಲ, ಶ್ಯಾನುಭೋಗರಿಗೆ ಬಾಳೆಗೊನೆ ಕೊಟ್ಟು ಒಳಗೊಳಗೆ ಮುಗಿಸಿಕೊಳ್ಳಲಿಲ್ಲ. ಕಟ್ಟುವುದಿಲ್ಲ ಎಂದು ಹಗಲಿನಲ್ಲಿ ಹೇಳಿದರು. ಸರ್ಕಾರ ಜಮೀನು, ಪಾತ್ರೆ ಪಗಡ, ದನಕರು ಮುಟ್ಟುಗೋಲು ಹಾಕಿ ಹರಾಜು ಕೂಗಿತು. ಮಾವಿನಗುಂಡಿಯಲ್ಲಿ ಹೆಂಗಸರು ಆ ಸೊತ್ತು ಕೊಂಡವರ ಮನೆ ಮುಂದೆ ಉಪವಾಸ ಕೂತರು. ಅವರು ಕಳೆದುಕೊಂಡದ್ದು ಮನೆ, ಹೊಲ, ತೋಟ. ಆ ನಷ್ಟವೇ ಅವರ ಮಾತಿಗೆ ತೂಕ ಕೊಟ್ಟಿತು.

ನಾನು ನಿರಾಕರಿಸಿದ್ದು ಏನನ್ನು? ಗುಟ್ಟಾಗಿ ನಿರಾಕರಿಸಿ, ಪೂರ್ತಿ ಕಟ್ಟಿದವನ ಮುಖ ಹೊತ್ತು ರಿಯಾಯಿತಿಯನ್ನೂ ತೆಗೆದುಕೊಂಡೆ. ಆಡಳಿತ ಕೆಟ್ಟಿದೆ ಎಂಬ ಸಿಟ್ಟಿಗೆ ತೆರಿಗೆ ಕದ್ದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಿಟ್ಟಿದ್ದವನು ಕೂಗುತ್ತಾನೆ. ನಾನು ಕೂಗಲಿಲ್ಲ. ಕೂಗಿದರೆ ಕಡತ ತೆಗೆದಾರು ಎಂಬ ಹೆದರಿಕೆ ಇತ್ತು. ನಮ್ಮ ಬೀದಿಯ ಚರಂಡಿ ಕಟ್ಟಿ ವಾರವಾದರೂ ನಾವು ಹತ್ತು ಮನೆಯವರು ಕಚೇರಿಗೆ ಹೋಗಿ ಮೇಜು ಗುದ್ದದೆ ಇರುವುದಕ್ಕೆ ಕಾರಣ ಸಭ್ಯತೆ ಎಂದುಕೊಂಡಿದ್ದೇವೆ. ಅಲ್ಲ. ಹತ್ತರಲ್ಲಿ ಎಂಟು ಮನೆಯ ಅಳತೆ ಸುಳ್ಳು. ಸುಳ್ಳು ಬರೆದವನ ದನಿ ಮೊದಲು ಅಡಗುತ್ತದೆ, ಇದು ಆಡಳಿತ ನಡೆಸುವವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಸುಳ್ಳು ಘೋಷಣೆಗಳನ್ನು ಅವರು ನೋಡದೆ ಬಿಟ್ಟಿರುವುದು ಸೋಮಾರಿತನದಿಂದಲೇ ಎಂದು ನನಗಂತೂ ಅನಿಸುವುದಿಲ್ಲ.

ಆದ್ದರಿಂದ ಮನೆ ಯಜಮಾನರೇ, ಯಜಮಾನಿಯರೇ, ಈ ವರ್ಷ ಟೇಪು ಹಿಡಿಯಿರಿ. ಮಕ್ಕಳಿಗೆ ಒಂದು ತುದಿ ಕೊಡಿ. ಗೋಡೆಯಿಂದ ಗೋಡೆಗೆ ಅಳೆದು ಇರುವ ಚದರಡಿ ಬರೆಯಿರಿ. ಬಾಡಿಗೆಯಿದ್ದರೆ ಬಾಡಿಗೆ ಎನ್ನಿ, ಅಂಗಡಿಯಿದ್ದರೆ ಅಂಗಡಿ ಎನ್ನಿ. ಹಿಂದೆ ತಪ್ಪು ಬರೆದಿದ್ದರೆ ನೋಟಿಸು ಬರುವವರೆಗೆ ಕಾಯಬೇಡಿ.

ತೆರಿಗೆ ಅನ್ಯಾಯವೆನಿಸಿದರೆ ಜಗಳವಾಡಿ. ಸುಮ್ಮನಿರಿ ಎಂದು ನಾನು ಹೇಳುತ್ತಿಲ್ಲ, ಸಾಚಾ ಕಾಗದ ಹಿಡಿದು ಜಗಳವಾಡಿ ಎನ್ನುತ್ತಿದ್ದೇನೆ. ನಿಮ್ಮ ಬೀದಿ ಯಾವ ವಲಯದಲ್ಲಿದೆ, ಯಾವ ಆಧಾರದ ಮೇಲೆ, ಎದುರು ಬೀದಿ ಯಾಕೆ ಬೇರೆ ಎಂದು ಬರವಣಿಗೆಯಲ್ಲಿ ಕೇಳಿ. ನೋಟಿಸು ಬಂದರೆ ಗಡುವಿನೊಳಗೆ ಆಕ್ಷೇಪಣೆ ಹಾಕಿ, ಸ್ವೀಕೃತಿ ಪಡೆಯಿರಿ, ನಿಮ್ಮ ಮಾತು ಕೇಳಿದ ಮೇಲೆ ಕಾರಣ ಬರೆದ ಆದೇಶ ಬೇಕೆಂದು ಪಟ್ಟುಹಿಡಿಯಿರಿ. ಆದೇಶ ಸರಿಯಿಲ್ಲದಿದ್ದರೆ ಮೇಲ್ಮನವಿಯ ದಾರಿಯಿದೆ. ಈ ದಾರಿ ಉದ್ದ, ಬೇಸರದ್ದು. ಮೇಜಿನ ಕೆಳಗಿನ ದಾರಿ ಹತ್ತು ನಿಮಿಷದ್ದು. ಆದರೆ ಹತ್ತು ನಿಮಿಷದಲ್ಲಿ ನೀವು ಇಳಿಸಿಕೊಂಡದ್ದು ನಿಮ್ಮೊಬ್ಬರ ಕಂದಾಯ. ಬರವಣಿಗೆಯಲ್ಲಿ ಗೆದ್ದ ಒಂದು ಆಕ್ಷೇಪಣೆ ಇಡೀ ಬೀದಿಗೆ ನಜೀರಾಗುತ್ತದೆ. ಓದುಬರಹ ಬಾರದ ಅಜ್ಜಿಯೊಬ್ಬಳು ನಿಮ್ಮ ಓಣಿಯಲ್ಲಿದ್ದರೆ ಅವಳ ಅರ್ಜಿಯನ್ನೂ ನೀವೇ ಬರೆದುಕೊಡಿ.

ಕಂದಾಯ ವಿಭಾಗದ ಅಧಿಕಾರಿಗಳೇ, ಶೀಟಿನ ಮನೆಯ ವಿಧವೆಯ ಬಾಗಿಲಿಗೆ ಬಾಕಿಯ ನೋಟಿಸು ಅಂಟಿಸುವಾಗ ನಿಮ್ಮ ಕೈಗೆ ಬರುವ ಚುರುಕು ಕಲ್ಯಾಣಮಂಟಪದ ಗೇಟಿನ ಮುಂದೆ ಎಲ್ಲಿ ಹೋಗುತ್ತದೆ? ಸ್ವಯಂ ಘೋಷಣೆ ಎಂದರೆ ನೀವು ಕಣ್ಣು ಮುಚ್ಚಬೇಕೆಂದಲ್ಲ. ಆಯ್ದು ಪರಿಶೀಲಿಸುವ ಅಧಿಕಾರ ನಿಮಗಿದೆ. ದೊಡ್ಡ ಕಟ್ಟಡಗಳಿಂದ ಅದನ್ನು ಶುರುಮಾಡಿ. ತಿಳಿಯದೆ ತಪ್ಪಿದವರನ್ನೂ ತಿಳಿದು ಕದ್ದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಆಳುವವರೇ, ಚುನಾವಣೆ ಮುಂದೂಡುತ್ತ ಕಂದಾಯ ಏರಿಸುವ ಹಕ್ಕು ನಿಮಗೆ ಯಾವ ನ್ಯಾಯದಿಂದಲೂ ಬರುವುದಿಲ್ಲ. ಗ್ರಂಥಾಲಯದ್ದನ್ನು ಗ್ರಂಥಾಲಯಕ್ಕೆ, ನಿರಾಶ್ರಿತರದ್ದನ್ನು ನಿರಾಶ್ರಿತರಿಗೆ ಮೊದಲು ದಾಟಿಸಿ. ಹಳ್ಳಿಯ ಪಂಚಾಯಿತಿ ಜಮಾಬಂದಿಯಲ್ಲಿ ಜನರೆದುರು ಪುಸ್ತಕ ತೆರೆಯಬೇಕು ಎಂದು ಕಾನೂನು ಮಾಡಿದವರು ನೀವೇ. ನಗರದ ಪ್ರತಿ ವಾರ್ಡಿನಲ್ಲೂ ಹಾಗೇ ತೆರೆಯಿರಿ: ಯಾವ ಬೀದಿಯಿಂದ ಎಷ್ಟು ಬಂತು, ಯಾವ ಬೀದಿಗೆ ಎಷ್ಟು ಹೋಯಿತು ಎಂದು ಗೋಡೆಗೆ ಹಚ್ಚಿ. ಕರ್ನಾಟಕದಲ್ಲಿ 1979ರಲ್ಲಿ ಆಕ್ಟ್ರಾಯ್ ತೆಗೆದ ಮೇಲೆ ಊರುಗಳ ಸ್ವಂತ ಸಂಪಾದನೆ ಎಂದು ಮುಖ್ಯವಾಗಿ ಉಳಿದದ್ದು ಈ ಮನೆ ಕಂದಾಯವೇ. ಅದರಲ್ಲೂ ನಂಬಿಕೆ ಕೆಟ್ಟರೆ ಪ್ರತಿ ಮೋರಿಗೂ ವಿಧಾನಸೌಧದ ಮೆಟ್ಟಿಲಲ್ಲಿ ಕೈಯೊಡ್ಡುವ ಊರುಗಳು ಉಳಿಯುತ್ತವೆ. ಭಿಕ್ಷಾಟನೆ ನಿಷೇಧ ಕಾಯ್ದೆ ಆ ಭಿಕ್ಷೆಗೆ ಅನ್ವಯಿಸುವುದಿಲ್ಲ.

ಈ ಏಪ್ರಿಲ್‌ನಲ್ಲಿ ನಾನು ಗುರುತು ಬದಲಿಸಿದೆ. ಹಿಂದಿನ ವರ್ಷಗಳ ವ್ಯತ್ಯಾಸ ಲೆಕ್ಕ ಹಾಕಿ ಕೊಡಿ ಎಂದು ಅರ್ಜಿ ಬರೆದುಕೊಂಡು ಹೋದೆ. ಕೌಂಟರಿನ ಹುಡುಗ ಎರಡು ಸಲ ಓದಿ, "ಯಾರೂ ಕೇಳಿಲ್ವಲ್ಲ ಸಾರ್, ಯಾಕೆ ಬರ್ಕೊಡ್ತೀರ?" ಎಂದ. ನನ್ನ ಹತ್ತಿರ ದೊಡ್ಡ ಉತ್ತರ ಇರಲಿಲ್ಲ. ಮನೆಯಲ್ಲೂ ಯಾರೂ ಹಾರ ಹಾಕಲಿಲ್ಲ. ದಂಡ ಎಷ್ಟಾಗುತ್ತೋ ಎಂದು ಹೆಂಡತಿ ಗೊಣಗಿದಳು. ಅದನ್ನು ಬಾಡಿಗೆಯ ಮೇಲೆ ಹಾಕುವುದಿಲ್ಲ ಎಂದು ಮೇಲ್ಮನೆಯವರಿಗೆ ನಾನೇ ಹೋಗಿ ಹೇಳಿಬಂದೆ.

ಕಂಡಕ್ಟರಿಗೆ ವಿಷಯ ಪೂರ್ತಿ ಅರ್ಥವಾಗಲಿಲ್ಲ. "ಹಂಗಾದ್ರೆ ಇಷ್ಟು ದಿನ ನಾವು ಇಲ್ಲಿ ಇದ್ದಿದ್ದೇ ಲೆಕ್ಕಕ್ಕಿಲ್ವಾ ಸಾರ್?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮೂರು ಜನ ಆರು ವರ್ಷ ನನ್ನ ತಲೆಯ ಮೇಲೆ ನಡೆದಾಡಿದ್ದರು, ಅಡುಗೆ ಮಾಡಿದ್ದರು, ಓದಿದ್ದರು. ಊರಿನ ಪುಸ್ತಕದಲ್ಲಿ ಆ ಮನೆಗೆ ಜನ ಬಂದದ್ದು ಈ ವರ್ಷ.